ನರ್ಸಿಂಗ್ ಲೈಸೆನ್ಸ್ ಅರ್ಜಿಯಲ್ಲಿ ಹಳೆಯ ಬಂಧನವನ್ನು ಹೇಳಿಕೊಳ್ಳಬೇಕೆ?

ಅಮೆರಿಕದಲ್ಲಿ ನರ್ಸ್ ಆಗಲು ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಅರ್ಹತಾ ಪರೀಕ್ಷೆ ಪಾಸಾದರಷ್ಟೇ ಸಾಲದು. ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ನರ್ಸಿಂಗ್ ಬೋರ್ಡ್. ಶಿಕ್ಷೆಯಾಗಿದೆಯೇ ಎಂದಷ್ಟೇ ಕೇಳುವ ಬೋರ್ಡ್‌ಗಳಿವೆ. ಬಂಧನವಾಗಿತ್ತೇ ಎಂದು ಕೆದಕುವವೂ ಇವೆ. ಈ ಕೆದಕುವಿಕೆ ಸರಿಯೆ?

ಪರ: ಮಲಗಿದವರ ಕಡೆಯಿಂದ ನೋಡಿ

ರೋಗಿ ತನ್ನ ನರ್ಸನ್ನು ಆರಿಸಿಕೊಳ್ಳುವುದಿಲ್ಲ. ಪ್ರಜ್ಞೆಯಿಲ್ಲದೆ ಮಲಗಿದವರ ಉಂಗುರ, ಪರ್ಸು, ಮಾರ್ಫಿನ್ ಇಟ್ಟ ಬೀರುವಿನ ಕೀಲಿ, ಎಲ್ಲವೂ ಅಪರಿಚಿತರ ಕೈಯಲ್ಲಿರುತ್ತವೆ. ಆ ಅಪರಿಚಿತರು ಯಾರೆಂದು ರೋಗಿಯ ಪರವಾಗಿ ವಿಚಾರಿಸಬೇಕಾದದ್ದು ಬೋರ್ಡೇ.

ನ್ಯೂಜೆರ್ಸಿಯ ನರ್ಸ್ ಚಾರ್ಲ್ಸ್ ಕಲೆನ್ 1993ರಲ್ಲಿ ಸಹೋದ್ಯೋಗಿಯ ಮನೆಗೆ ನುಗ್ಗಿ ಸಿಕ್ಕಿಬಿದ್ದಿದ್ದ. ತಪ್ಪೊಪ್ಪಿಕೊಂಡು, ಜೈಲಿನ ಬದಲು ಪ್ರೊಬೇಷನ್ (ಕೋರ್ಟಿನ ನಿಗಾದಲ್ಲಿ ಹೊರಗಿರುವ ಶಿಕ್ಷೆ) ಪಡೆದು ಮತ್ತೆ ವಾರ್ಡಿಗೆ ಬಂದ. 2003ರ ಡಿಸೆಂಬರಿನಲ್ಲಿ ಅವನನ್ನು ಹಿಡಿಯುವವರೆಗೂ ಆಸ್ಪತ್ರೆಯಿಂದ ಆಸ್ಪತ್ರೆಗೆ ದಾಟುತ್ತಲೇ ಇದ್ದ. ಕೊನೆಗೆ ಒಪ್ಪಿಕೊಂಡದ್ದು 29 ಕೊಲೆ. ಒಂದು ಪ್ರಶ್ನೆಯಿಂದ ಅವನನ್ನು ತಡೆಯಬಹುದಿತ್ತು ಎನ್ನಲಾರೆ. ಹಳೆಯ ಕಡತ ತೆರೆದು ನೋಡುವ ಒಂದು ಕಣ್ಣು ಇರಲಿ ಎನ್ನುತ್ತೇನೆ, ಅಷ್ಟೇ.

ಇನ್ನು ವ್ಯವಹಾರದ ಮಾತು. ಬಹುತೇಕ ಬೋರ್ಡ್‌ಗಳು ಬೆರಳಚ್ಚನ್ನು ಅಲ್ಲಿನ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐಗೆ ಕಳಿಸುತ್ತವೆ. ಹದಿನೆಂಟರ ಹರೆಯದಲ್ಲಿ ಅಂಗಡಿಯಲ್ಲಿ ಲಿಪ್‌ಸ್ಟಿಕ್ ಕದ್ದು ಸಿಕ್ಕಿಬಿದ್ದದ್ದು ಹೇಗಿದ್ದರೂ ಅಲ್ಲಿ ಕಾಣಬಹುದು. ತಾನಾಗಿ ಬರೆದು, ಕೋರ್ಟ್ ಆದೇಶದ ಪ್ರತಿ ಲಗತ್ತಿಸಿದವಳಿಗೆ ಅದು ಹಳೆಯ ತಪ್ಪು. ಮುಚ್ಚಿಟ್ಟವಳಿಗೆ ಇಂದಿನ ಸುಳ್ಳು. ಔಷಧಿ ಕೊಟ್ಟ ಹೊತ್ತನ್ನು ಚಾರ್ಟಿನಲ್ಲಿ ನಿಜವಾಗಿ ಬರೆಯಬೇಕಾದವಳು ಅರ್ಜಿಯಲ್ಲೇ ಸುಳ್ಳು ಬರೆದರೆ ಹೇಗೆ ನಂಬುವುದು? ಟೆಕ್ಸಾಸಿನಲ್ಲಂತೂ ಓದು ಮುಗಿಯುವ ಮೊದಲೇ ಅರ್ಜಿ ಹಾಕಿ, ತನಗೆ ಲೈಸೆನ್ಸ್ ಅರ್ಹತೆ ಇದೆಯೇ ಎಂದು ಬೋರ್ಡಿನಿಂದ ತಿಳಿದುಕೊಳ್ಳಬಹುದು. ಫೀಸು ಕಟ್ಟಿ ಕಣ್ಣೀರಿಡುವುದಕ್ಕಿಂತ ಅದು ವಾಸಿ.

ವಿರೋಧ: ಠಾಣೆಯೇ ಕೋರ್ಟಲ್ಲ

ಬಂಧಿಸುವುದು ಪೊಲೀಸರು, ತಪ್ಪಿತಸ್ಥರೆಂದು ಹೇಳುವುದು ಕೋರ್ಟು. ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗವೇ 2012ರಲ್ಲಿ ಇದನ್ನು ಬರೆದಿಟ್ಟಿದೆ: ಬಂಧನವಾಯಿತೆಂದರೆ ಅಪರಾಧ ನಡೆಯಿತೆಂದಲ್ಲ. ಅಲ್ಲಿ ಕರಿಯರ ಬಂಧನ ಅವರ ಜನಸಂಖ್ಯೆಯ ಪಾಲಿಗಿಂತ ಎಷ್ಟೋ ಹೆಚ್ಚು. ಬೀದಿಯಲ್ಲಿ ನಡೆದ ತಾರತಮ್ಯವನ್ನು ಈ ಪ್ರಶ್ನೆ ವಾರ್ಡಿನ ಬಾಗಿಲಿಗೂ ತಂದು ನಿಲ್ಲಿಸುತ್ತದೆ. ಕುಂಬಳಕಾಯಿ ಕದಿಯದವಳೂ ಹೆಗಲು ಮುಟ್ಟಿ ನೋಡಿಕೊಳ್ಳಬೇಕು.

ಕಲೆನ್ ಕಥೆಯನ್ನು ಹೇಳುವವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಅವನದು ಬರೀ ಬಂಧನವಲ್ಲ, ತಪ್ಪೊಪ್ಪಿಗೆಯಾದ ಪ್ರಕರಣ; ಶಿಕ್ಷೆಯನ್ನಷ್ಟೇ ಕೇಳಿದ್ದರೂ ಉತ್ತರ ಹೌದೇ. ಅವನು ದಾಟುತ್ತ ಹೋದದ್ದು ಅನುಮಾನ ಬಂದ ಆಸ್ಪತ್ರೆಗಳು ಮುಂದಿನವರಿಗೆ ಬಾಯಿಬಿಡದ್ದರಿಂದ. ಆಮೇಲೆ ನ್ಯೂಜೆರ್ಸಿ ಕಾನೂನು ತಂದದ್ದೂ ಆ ಮೌನ ಮುರಿಯಲಿಕ್ಕೇ.

ಎಫ್‌ಬಿಐ ಕಡತಗಳಲ್ಲಿ ಬಂಧನವಿದ್ದು, ಖುಲಾಸೆಯ ಸುದ್ದಿಯೇ ಇಲ್ಲದವು ಬಹಳ. ಇಪ್ಪತ್ತು ವರ್ಷದ ಹಿಂದಿನ ಕಾಗದ ತರಲು ಅರ್ಜಿದಾರಳು ಕೋರ್ಟ್ ಕಚೇರಿ ಅಲೆಯಬೇಕು. ಅಷ್ಟರಲ್ಲಿ ಕೆಲಸ ಇನ್ನೊಬ್ಬರ ಪಾಲು. ಕ್ಯಾಲಿಫೋರ್ನಿಯಾ 2020ರ ಜುಲೈನಿಂದ ಅರ್ಜಿದಾರರನ್ನು ಅಪರಾಧ ಇತಿಹಾಸ ಹೇಳಿ ಎಂದು ಒತ್ತಾಯಿಸುವುದನ್ನೇ ಬಿಟ್ಟಿತು. ಬೆರಳಚ್ಚು ತಪಾಸಣೆ ಮುಂದುವರಿದಿದೆ. ಶಿಕ್ಷೆಯಿಲ್ಲದ ಬರೀ ಬಂಧನದ ಮೇಲೆ ಲೈಸೆನ್ಸ್ ನಿರಾಕರಿಸುವಂತಿಲ್ಲ.

ನಮ್ಮ ಸುಪ್ರೀಂ ಕೋರ್ಟ್ ಕೂಡ 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಕೆಲಸಕ್ಕೆ ಸೇರುವವರು ನಿಜ ಹೇಳಲೇಬೇಕು ಎಂದಿತು. ಆದರೆ ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಮನ್ನಿಸಬಹುದು ಎಂದು ಸೇರಿಸಿತು. ಅಮೆರಿಕಕ್ಕೆ ಹೊರಟ ಕನ್ನಡದ ಹುಡುಗಿಯೊಬ್ಬಳು ಕಾಲೇಜಿನಲ್ಲಿದ್ದಾಗ ಸ್ಟೈಪೆಂಡಿಗಾಗಿ ಧರಣಿ ಕೂತಿದ್ದಳೆನ್ನಿ. ಪೊಲೀಸ್ ವ್ಯಾನು, ಸಂಜೆಗೆ ಬಿಡುಗಡೆ. ಮರುದಿನ ಪತ್ರಿಕೆಯಲ್ಲಿ "ಬಂಧಿಸಿ, ನಂತರ ಬಿಡುಗಡೆ ಮಾಡಲಾಯಿತು" ಎಂಬ ಒಂದು ಸಾಲು. ಅರ್ಜಿಯಲ್ಲಿರುವ ಚೌಕಗಳು ಎರಡೇ: ಹೌದು, ಇಲ್ಲ. ಅವಳು ಯಾವುದಕ್ಕೆ ಟಿಕ್ ಹಾಕಬೇಕು?