ಬೀದಿ ಇರುವುದು ಎರಡನೇ ಮಹಡಿಯಲ್ಲಿ

ಫುಟ್‌ಪಾತ್ ತೆರವು ಮತ್ತೆ ಶುರುವಾಗಿದೆ. ಪೇಪರಿನಲ್ಲಿ ಫೋಟೋ ನೋಡಿರ್ತೀರಿ. ಒಂದು ಜೆಸಿಬಿ, ನಾಲ್ಕು ಪೊಲೀಸರು, ಚಕ್ರ ಮೇಲಾಗಿ ಬಿದ್ದ ತಳ್ಳುಗಾಡಿ. ಆಗಾಗ ಬರುವ ಫೋಟೋ ಅದು. ಕಳೆದ ಸಲದ್ದನ್ನೇ ಮತ್ತೆ ಹಾಕಿದರೂ ನಮಗೆ ಗೊತ್ತಾಗಲ್ಲ. ಅದೇ ವಾರ ನಾನು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬೀದಿ ತಿಂಡಿ ತಿನ್ನಲು ಹೋಗಿದ್ದೆ. ಲಿಫ್ಟಿನಲ್ಲಿ.

ಬೀದಿ ಎರಡನೇ ಮಹಡಿಯಲ್ಲಿತ್ತು. ಬೋರ್ಡಿನಲ್ಲಿ ‘ಕೊರಿಯನ್ ಸ್ಟ್ರೀಟ್ ಫುಡ್’ ಎಂದು ಬರೆದಿತ್ತು. ಮಗಳ ಹುಟ್ಟುಹಬ್ಬ, ಅವಳ ಆಯ್ಕೆ, ನನ್ನ ದುಡ್ಡು. ಬಾಗಿಲಲ್ಲಿ ಕಪ್ಪು ಏಪ್ರನ್ ಕಟ್ಟಿದ ಹುಡುಗ ತಡೆದು, “ಬುಕಿಂಗ್ ಇದೆಯಾ ಸಾರ್?” ಎಂದ. ಇಲ್ಲ ಎಂದೆ. ಇಪ್ಪತ್ತೈದು ನಿಮಿಷ ಕಾಯಬೇಕಾಗುತ್ತೆ ಎಂದ. ಬೀದಿಗೆ ಹೋಗಲು ಬುಕಿಂಗ್ ಬೇಕು ಎಂಬುದು ನನಗೆ ಹೊಸದು. ಐವತ್ತೆರಡು ವರ್ಷ ಬೀದಿಯಲ್ಲೇ ಓಡಾಡಿದವನು ನಾನು, ಇಲ್ಲಿಯವರೆಗೆ ಎಲ್ಲಾ ವಾಕ್-ಇನ್.

ಒಳಗೆ ಹೋದರೆ, ನಿಜಕ್ಕೂ ಬೀದಿ. ಒಂದು ಲೈಟ್ ಕಂಬ. ಕಂಬದ ತುಂಬ ಸಿಕ್ಕುಸಿಕ್ಕಾಗಿ ಜೋತಾಡುವ ಕರಿ ವೈರು. ನಮ್ಮ ಮನೆ ಮುಂದಿನ ಕಂಬದಲ್ಲಿ ಹೀಗೇ ಜೋತಾಡುವ ಕೇಬಲ್ ತೆಗೆಸಲು ಮೂರು ವರ್ಷದಿಂದ ಅರ್ಜಿ ಕೊಡುತ್ತಿದ್ದೇನೆ. ಇಲ್ಲಿ ಡಿಸೈನರ್‌ಗೆ ದುಡ್ಡು ಕೊಟ್ಟು ಜೋತಾಡಿಸಿದ್ದಾರೆ. ತಲೆ ಮೇಲೆ ಕಿತ್ತಳೆ ಬಣ್ಣದ ಟಾರ್ಪಾಲು. ಅದರ ಮೇಲೆ ಎಸಿ. ಅದರ ಮೇಲೆ ಮೂರನೇ ಮಹಡಿ. “ಟಾರ್ಪಾಲು ಯಾಕೆ, ಮೇಲಿನ ಮನೆಯವರು ನೀರು ಚೆಲ್ತಾರಾ?” ಎಂದು ಕೇಳಿದೆ. “ಅಪ್ಪ! ಅದು ವೈಬ್” ಎಂದಳು ಮಗಳು.

ಈ ‘ಅಪ್ಪ’ ಈಗೀಗ ನನ್ನನ್ನು ಗೊಂದಲಕ್ಕೆ ಬೀಳಿಸುತ್ತದೆ. ಕೊರಿಯನ್ ಭಾಷೆಯಲ್ಲೂ ಅಪ್ಪನಿಗೆ ಅಪ್ಪಾ ಎಂದೇ ಅನ್ನುತ್ತಾರಂತೆ. ಅಮ್ಮ ಅಲ್ಲಿ ಒಮ್ಮಾ. ಮಗಳು ದಿನಕ್ಕೆ ನಾಲ್ಕು ಎಪಿಸೋಡ್ ಕೊರಿಯನ್ ಡ್ರಾಮಾ ನೋಡುವವಳು. ಅವಳು ಅಪ್ಪ ಎಂದಾಗ ಯಾವ ಭಾಷೆಯಲ್ಲಿ ಕರೆದಳು ಎಂದು ತಿಳಿಯದೆ ಒಂದು ಕ್ಷಣ ನಿಲ್ಲುತ್ತೇನೆ. ದುಡ್ಡು ಕೇಳಿದರೆ ಕನ್ನಡ ಎಂದು ಗೊತ್ತಾಗುತ್ತದೆ. 1905ರಲ್ಲೇ ಹೋಮರ್ ಹಲ್ಬರ್ಟ್ ಎಂಬ ಅಮೆರಿಕದವನು ಕೊರಿಯನ್ನಿಗೂ ನಮ್ಮ ದ್ರಾವಿಡ ಭಾಷೆಗಳಿಗೂ ನಂಟು ಹಚ್ಚಿ ವ್ಯಾಕರಣದ ಪುಸ್ತಕವನ್ನೇ ಬರೆದಿದ್ದ. ಪಂಡಿತರು ಆ ನಂಟನ್ನು ಒಪ್ಪಲಿಲ್ಲ. ಇರಲಿ, ಮದುವೆ ಮಾತುಕತೆಯಲ್ಲಿ ಇದಕ್ಕಿಂತ ದೂರದ ನಂಟನ್ನೆಲ್ಲ ನಾವು ಒಪ್ಪಿದ್ದೇವೆ.

ಮೆನುವಿನ ಮೊದಲ ಐಟಂ ತೊಕ್‌ಬೊಕ್ಕಿ. ಅಕ್ಕಿ ಹಿಟ್ಟನ್ನು ಬೇಯಿಸಿ, ಕುಟ್ಟಿ, ಬೆರಳಿನಷ್ಟು ಉದ್ದ ಹೊಸೆದು, ಕೆಂಪು ಗೊಜ್ಜಿನಲ್ಲಿ ಕುದಿಸಿದ್ದು. ಅಂದರೆ ನಮ್ಮ ಕಡುಬಿನ ದೂರದ ತಮ್ಮ, ಸ್ವಲ್ಪ ರಬ್ಬರ್ ಗುಣ ಇರುವವನು. ಅಲ್ಲಿ ಅದರೊಳಗೆ ಮೀನಿನ ಪಟ್ಟಿ ಹಾಕುತ್ತಾರೆ, ಇಲ್ಲಿ ಪನೀರ್. ಪಕ್ಕದಲ್ಲಿ ‘ಜೈನ್ ಆಪ್ಷನ್ ಲಭ್ಯ’ ಎಂಬ ಹಸಿರು ಚುಕ್ಕಿ. ಖಾರಕ್ಕೆ ಐದು ಲೆವೆಲ್. ಐದನೇ ಲೆವೆಲ್ ತಿನ್ನುವವರು ‘ನನ್ನ ಜವಾಬ್ದಾರಿಯ ಮೇಲೆ ತಿನ್ನುತ್ತಿದ್ದೇನೆ’ ಎಂಬ ಚೀಟಿಗೆ ಸಹಿ ಹಾಕಬೇಕು.

ನನ್ನ ಹೆಂಡತಿ ಗದಗದವಳು. ಬೆಳಗಿನ ತಿಂಡಿಗೇ ಮಿರ್ಚಿ ತಿಂದು ಬೆಳೆದವಳು. ಚೀಟಿಗೆ ಸಹಿ ಹಾಕಿದಳು. ಏಪ್ರನ್ ಹುಡುಗ ಸ್ವಲ್ಪ ದೂರದಲ್ಲಿ, ಹಾಲಿನ ಲೋಟ ಇಟ್ಟುಕೊಂಡು, ಪಟಾಕಿಗೆ ಬತ್ತಿ ಹಚ್ಚಿದವನ ಹಾಗೆ ನಿಂತ. ಅವಳು ಒಂದು ತುಂಡು ಬಾಯಿಗೆ ಹಾಕಿದಳು. ಅಗಿದಳು. ಇನ್ನೂ ಅಗಿದಳು. ಅದು ಅಗಿದಷ್ಟೂ ಮುಗಿಯದ ಪದಾರ್ಥ. ಆಮೇಲೆ ನನ್ನ ಕಡೆ ತಿರುಗಿ, “ರೀ, ಇದು ಸಿಹಿ ಐತಲ್ರೀ” ಎಂದಳು. ಹುಡುಗನ ಮುಖ ನೋಡಲಾಗಲಿಲ್ಲ. “ತಮ್ಮಾ, ಮೆಣಸಿನಕಾಯಿ ಹಿಂಡಿ ಏನಾರ ಐತೇನು?” ಎಂದು ಬೇರೆ ಕೇಳಿದಳು.

ಅಷ್ಟೊತ್ತಿಗೆ ನನ್ನ ಸರದಿ ಬಂತು. ನಾನು ಹೇಳಿದ್ದು ರಾಮ್ಯನ್, ಅಂದರೆ ಅವರ ಮ್ಯಾಗಿ. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಹಾನ್ ನದಿ ದಂಡೆಯ ಅಂಗಡಿಗಳಲ್ಲಿ ಒಂದು ಮಶೀನ್ ಇರುತ್ತದೆ. ಪ್ಯಾಕೆಟ್ ಕೊಂಡು, ಫಾಯಿಲ್ ಬಟ್ಟಲಿಗೆ ಹಾಕಿ, ಬಟನ್ ಒತ್ತಿದರೆ ಬಿಸಿನೀರು ಬಂದು ಬೇಯುತ್ತದೆ. ಅಲ್ಲಿ ಅದು ಕಡಿಮೆ ದುಡ್ಡಿನವರ, ಕಾಲೇಜು ಹುಡುಗರ ಖುಷಿ. ಆ ಮಶೀನನ್ನು ಇಲ್ಲಿಗೂ ತಂದಿದ್ದಾರೆ. ನದಿ ತಂದಿಲ್ಲ. ನಾನು ಸ್ಕ್ಯಾನ್ ಮಾಡಿ ಆರ್ಡರ್ ಕೊಟ್ಟೆ. ನಾನೇ ಪ್ಯಾಕೆಟ್ ಒಡೆದೆ. ನಾನೇ ನಿಂತು ಬೇಯಿಸಿದೆ, ನಾನೇ ಟ್ರೇ ಹೊತ್ತೆ, ತಿಂದ ಮೇಲೆ ನಾನೇ ‘ದಯವಿಟ್ಟು ಇಲ್ಲಿ ಹಾಕಿ’ ಎಂದಲ್ಲಿ ಹಾಕಿದೆ. ಮನೆಯಲ್ಲಿ ಇಷ್ಟು ಕೆಲಸ ಮಾಡಿದ್ದು ಯಾವಾಗ ಎಂದು ಹೆಂಡತಿ ಅಲ್ಲೇ ಕೇಳಿದಳು.

ಆಮೇಲೆ ಬಿಲ್ಲು. ತೊಕ್‌ಬೊಕ್ಕಿ 395. ಪಾಚಿಯ ಹಾಳೆಯಲ್ಲಿ ಅನ್ನ ಸುತ್ತಿದ ಕಿಂಬಾಪ್ 425. ಕಡ್ಡಿಗೆ ಚುಚ್ಚಿ ಕರಿದು ಮೇಲೆ ಸಕ್ಕರೆ ಉದುರಿಸಿದ ಚೀಸ್ ಕಾರ್ನ್ ಡಾಗ್, ಒಂದು, 275. ನಾನು ಬೇಯಿಸಿದ ರಾಮ್ಯನ್ 295. ನೀರು 70. ಒಟ್ಟು 1,460. ಅದರ ಕೆಳಗೆ ಸರ್ವಿಸ್ ಚಾರ್ಜ್, ನೂರಕ್ಕೆ ಹತ್ತು, 146. ಅದರ ಮೇಲೆ ಜಿಎಸ್‌ಟಿ. ಸೇವೆ ಮಾಡಿದವನು ನಾನು, ಸೇವಾ ಶುಲ್ಕವೂ ನನ್ನದೇ.

ಇದನ್ನು ಬಲವಂತವಾಗಿ ಬಿಲ್ಲಿಗೆ ಸೇರಿಸುವ ಹಾಗಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತೇ ಸರಿ ಎಂದಿತು. ನಾನು ಇದನ್ನೆಲ್ಲ ಹುಡುಗನಿಗೆ ಹೇಳಲು ಬಾಯಿ ತೆರೆದೆ. ಮಗಳು ಮೇಜಿನ ಕೆಳಗೆ ಕಾಲು ತುಳಿದಳು. ಹುಟ್ಟುಹಬ್ಬ ಅಲ್ವಾ, ಸುಮ್ನಾದೆ. ಹೈಕೋರ್ಟು ದೊಡ್ಡದೇ, ಆದರೆ ಮಗಳ ಕಾಲು ಹತ್ತಿರ ಇತ್ತು.

ತಪ್ಪು ತಿಳಿಯಬೇಡಿ, ನನ್ನ ಜಗಳ ಕೊರಿಯಾದ ತಿಂಡಿಯ ಜೊತೆ ಅಲ್ಲ. ಆ ತೊಕ್‌ಬೊಕ್ಕಿಯ ಕಥೆ ಕೇಳಿದರೆ ಪಾಪ ಅನಿಸುತ್ತದೆ. ಹಿಂದೆ ಅದು ಸೋಯಾ ಸಾಸಿನಲ್ಲಿ ಮಾಡುವ, ಅರಮನೆಯವರ ತಿಂಡಿ. ಈಗಿನ ಕೆಂಪು ತೊಕ್‌ಬೊಕ್ಕಿ ಕೊರಿಯಾ ಯುದ್ಧ ಮುಗಿದ 1953ರ ಹೊತ್ತಿನದು. ಸೋಲ್‌ನ ಸಿಂದಾಂಗ್-ದಾಂಗ್‌ನಲ್ಲಿ ಮಾ ಬೊಕ್-ರಿಮ್ ಎಂಬ ಹೆಂಗಸು ಬೀದಿಯಲ್ಲಿ ಒಲೆ ಹೂಡಿ, ಗೊಚುಜಾಂಗ್ ಎಂಬ ಕೆಂಪು ಮೆಣಸಿನ ಪೇಸ್ಟ್ ಹಾಕಿ ಮಾರಲು ಶುರು ಮಾಡಿದ್ದು ಎನ್ನುತ್ತಾರೆ. ಅಮೆರಿಕದ ನೆರವಿನ ಗೋಧಿ ಹಿಟ್ಟು ಬಂದ ಮೇಲೆ ಅಕ್ಕಿಯ ಬದಲು ಗೋಧಿಯದ್ದೂ ಬಂತು, ಇನ್ನೂ ಅಗ್ಗವಾಯಿತು. ಈಕೆ ಮುದುಕಿಯಾದ ಮೇಲೆ ಗೊಚುಜಾಂಗ್ ಜಾಹೀರಾತಿನಲ್ಲಿ ಬಂದು, ಗೊಜ್ಜಿನ ಗುಟ್ಟು “ಸೊಸೆಗೂ ಗೊತ್ತಿಲ್ಲ” ಎಂದಳು. ಆ ಮಾತು ಅಲ್ಲಿ ಮನೆಮಾತಾಯಿತು. ನಮ್ಮ ಅಜ್ಜಿಯೂ ಸಾರಿನ ಪುಡಿಯ ವಿಷಯದಲ್ಲಿ ಹೀಗೇ ಇದ್ದಳು. ಜಾಹೀರಾತು ಸಿಗಲಿಲ್ಲ ಅಷ್ಟೆ.

ಅಲ್ಲಿ ಗಾಡಿಯ ಮುಂದೆ ನಿಂತು ಮೀನಿನ ಪಟ್ಟಿ ತಿಂದರೆ, ಅದು ಬೆಂದ ಬಿಸಿ ಸಾರನ್ನು ಪೇಪರ್ ಕಪ್ಪಿನಲ್ಲಿ ಪುಕ್ಕಟೆ ಕೊಡುತ್ತಾರೆ. ನಮ್ಮ ಪಾನಿಪುರಿಯವನು ಕೊನೆಗೊಂದು ಸುಕ್ಕಾ ಪೂರಿ ಕೊಡುವ ಹಾಗೆ. ಎರಡನೇ ಮಹಡಿಯ ಬೀದಿಯಲ್ಲಿ ಆ ಸಾರು 149 ರೂಪಾಯಿ.

ಕೊರಿಯಾದವರೂ ನಮಗಿಂತ ಭಾರಿ ಒಳ್ಳೆಯವರೇನಲ್ಲ. 1988ರ ಒಲಿಂಪಿಕ್ಸ್‌ಗೆ ಪರದೇಶದವರು ಬರುತ್ತಾರೆ ಎಂದು ಸೋಲ್‌ನ ಬೀದಿ ಗಾಡಿಗಳನ್ನು ಎತ್ತಂಗಡಿ ಮಾಡಿದ್ದರು. ಈಗ ಪರದೇಶದವರು ಬರುವುದೇ ಆ ಗಾಡಿಗಳನ್ನು ನೋಡಲು. 2023ರಲ್ಲಿ ಗ್ವಾಂಗ್‌ಜಾಂಗ್ ಮಾರ್ಕೆಟ್ಟಿನಲ್ಲಿ ಹತ್ತು ತುಂಡು ಕರಿದ ತಿಂಡಿಗೆ 15,000 ವಾನ್, ಅಂದರೆ ಹೆಚ್ಚುಕಮ್ಮಿ ಸಾವಿರ ರೂಪಾಯಿ ಕಿತ್ತ ವಿಡಿಯೋ ಬಂದು ದೇಶವೇ ಬೈಯಿತು. ಆ ಅಂಗಡಿಯನ್ನು ಹತ್ತು ದಿನ ಮುಚ್ಚಿಸಿದರು. ಬೈಯಬೇಕಾದ್ದೇ. ಆದರೆ ಗಮನಿಸಿ, ಅಲ್ಲಿ ಕನಿಷ್ಠ ಬೀದಿಯವರು ಬೀದಿಯಲ್ಲೇ ಕುಳಿತು ಕಿತ್ತರು.

ನಮ್ಮ ರಸ್ತೆಯ ತಿರುವಿನಲ್ಲಿ ಒಬ್ಬರು ಬಜ್ಜಿ ಅಕ್ಕ ಇದ್ದಾರೆ. ಹೆಸರು ಬೇಡ. ಸಂಜೆ ಐದಕ್ಕೆ ಸ್ಟೌ ಹಚ್ಚುತ್ತಾರೆ. ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒಂದು ಸಲ ಸವರಿ, ಬೆರಳು ಎಣ್ಣೆಗೆ ತಾಕಿತೇನೋ ಅನ್ನುವಷ್ಟು ಹತ್ತಿರದಿಂದ ಬಿಡುತ್ತಾರೆ. ನಾಲ್ಕಕ್ಕೆ 40 ರೂಪಾಯಿ. ಅವರಿಗೆ ಬುಕಿಂಗ್ ಬೇಡ, ವೈಬ್ ಗೊತ್ತಿಲ್ಲ. ಲೆವೆಲ್ ಒಂದೇ.

ಅಕ್ಕ ಸರ್ಕಾರ ಹೇಳಿದ್ದನ್ನೆಲ್ಲ ಮಾಡಿದ್ದಾರೆ. ಬೀದಿ ವ್ಯಾಪಾರಿಗಳ ಸರ್ವೆಯಲ್ಲಿ ಹೆಸರು ಬರೆಸಿ, ಕಾರ್ಡ್ ತಗೊಂಡು, ಲ್ಯಾಮಿನೇಷನ್ ಮಾಡಿಸಿ ಗಾಡಿಗೆ ಕಟ್ಟಿದ್ದಾರೆ. ಸ್ವನಿಧಿ ಯೋಜನೆಯಲ್ಲಿ 10,000 ಸಾಲ ಕೊಟ್ಟರು, ತಗೊಂಡರು. ಕ್ಯೂಆರ್ ಕೋಡ್ ಹಾಕಿ, ಕ್ಯಾಶ್‌ಬ್ಯಾಕ್ ಕೊಡ್ತೀವಿ ಅಂದರು, ಹಾಕಿದರು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಬೇಕರಿಯವರಿಗೆ, ಟೀ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸು ಬಂತಲ್ಲ, ಆಗ ಅಕ್ಕನೂ ಹೆದರಿ ಕ್ಯೂಆರ್ ಕೋಡ್ ಕಿತ್ತು ಸೀರೆ ಪೆಟ್ಟಿಗೆಯಲ್ಲಿಟ್ಟರು. ಹಳೇ ಬಾಕಿ ವಸೂಲಿ ಮಾಡಲ್ಲ ಎಂದು ಆಮೇಲೆ ಸರ್ಕಾರ ಹೇಳಿತು. ಅಕ್ಕ ನಂಬಲಿಲ್ಲ. ಯಾಕೆ ನಂಬಬೇಕು?

ಹೋದ ವಾರ ಲಾರಿ ಬಂತು. ಗಾಡಿ ಎತ್ತಿದರು. ಎಣ್ಣೆ ಬಾಂಡಲಿ ಚರಂಡಿಗೆ ಬೋರಲು. ಕಾರ್ಡ್ ಗಾಡಿಗೇ ಕಟ್ಟಿತ್ತು, ಗಾಡಿಯ ಜೊತೆ ಹೋಯಿತು. ಮೂವತ್ತು ದಿನ ಮೊದಲೇ ನೋಟಿಸು ಕೊಡದೆ ಬೀದಿ ವ್ಯಾಪಾರಿಯನ್ನು ಎಬ್ಬಿಸುವ ಹಾಗಿಲ್ಲ ಎಂದು 2014ರ ಕಾಯ್ದೆ ಇದೆ. ಅದನ್ನು ಓದಿ ಹೇಳುವ ಹೊತ್ತಿಗೆ ಲಾರಿ ಸಿಗ್ನಲ್ ದಾಟಿತ್ತು. ಗಾಡಿಗೆ ಸಾಲ ಕೊಟ್ಟಿದ್ದೂ ಸರ್ಕಾರ, ಗಾಡಿ ಒಯ್ದದ್ದೂ ಸರ್ಕಾರ, ಕಂತು ಕಟ್ಟಬೇಕಾದ್ದು ಮಾತ್ರ ಅಕ್ಕ. ಇದರಲ್ಲಿ ತಮಾಷೆ ಹುಡುಕಿ ಹುಡುಕಿ ನನಗೆ ಸಾಕಾಗಿದೆ. ಇಲ್ಲ. ಇದು ಶುದ್ಧ ಲಜ್ಜೆಗೇಡಿತನ.

ಅಂದಹಾಗೆ, ಅಕ್ಕನ ಗಾಡಿ ಇದ್ದ ಜಾಗದಲ್ಲಿ ಈಗ ಪಾದಚಾರಿಗಳು ನಿರಾಳವಾಗಿ ಓಡಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ಅಲ್ಲಿ ಎರಡು ಬುಲೆಟ್ ಬೈಕು, ಒಂದು ಕಾರಿನ ಮೂತಿ ಮತ್ತು ಮೂರಡಿ ಎತ್ತರದ ಒಂದು ಬೋರ್ಡು ನಿಂತಿವೆ. ಬೋರ್ಡಿನಲ್ಲಿ ಬಾಣದ ಗುರುತು ಹಾಕಿ ‘ಅಸಲಿ ಸ್ಟ್ರೀಟ್ ಫುಡ್, ಎರಡನೇ ಮಹಡಿ’ ಎಂದಿದೆ. ಅದನ್ನು ಇನ್ನೂ ಯಾವ ಲಾರಿಯೂ ಎತ್ತಿಲ್ಲ.

ನಿನ್ನೆ ಸಂಜೆ ಅಕ್ಕ ಮತ್ತೆ ಕಂಡರು. ಗಾಡಿ ಇಲ್ಲ. ಕಾರಿನ ಪಕ್ಕ ಒಂದು ಸ್ಟೂಲು, ಮೇಲೆ ಪಂಪ್ ಸ್ಟೌ, ಸಣ್ಣ ಬಾಂಡಲಿ.

“ಎಲ್ಲೋಗಿದ್ರಣ್ಣ, ಒಂದ್ ವಾರದಿಂದ ಕಾಣ್ನೇ ಇಲ್ಲ?”

“ಊರಿಗೆ ಹೋಗಿದ್ದೆ” ಎಂದೆ.

“ಬೇಗ ತಿನ್ನಣ್ಣ, ಲಾರಿ ಬತ್ತದೆ” ಎಂದು ನಾಲ್ಕರ ಜೊತೆ ಇನ್ನೊಂದು ಬಜ್ಜಿ ಹಾಕಿ ಕೊಟ್ಟರು.