ಮುತ್ತಿರಬಾರದು, ಮಚ್ಚಿರಬಹುದು

ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಶನಿವಾರ ರಾತ್ರಿ ಎಂಟೂವರೆಗೆ, ಎಲ್ಲರ ಮನೆಯ ಕುಕ್ಕರ್ ಕೂಗಿ ಮುಗಿದ ಹೊತ್ತಿಗೆ, ಒಂದೇ ಪ್ರಶ್ನೆ ಬರುತ್ತದೆ. ‘ಒಳ್ಳೇ ಸಿನಿಮಾ ಇದ್ರೆ ಹೇಳಿ.’

ಹೇಳಬೇಕಾದವನು ನಾನು. ಈ ಹುದ್ದೆಗೆ ನಾನೇನೂ ಅರ್ಜಿ ಹಾಕಿರಲಿಲ್ಲ. ಯಾವುದೋ ವರ್ಷ ಬೆಂಗಳೂರು ಚಿತ್ರೋತ್ಸವಕ್ಕೆ ಹೋಗಿದ್ದೆ. ಕೊರಳಲ್ಲಿ ಪಾಸು, ಹೆಗಲಲ್ಲಿ ಬಟ್ಟೆ ಚೀಲ, ಹಾಗೇ ಒಂದು ಫೋಟೊ ತೆಗೆಸಿ ಗುಂಪಿಗೆ ಕಳಿಸಿದ್ದೆ. ಅಷ್ಟೇ ಆದದ್ದು. ಅವತ್ತು ನೋಡಿದ ನಾಲ್ಕು ಸಿನಿಮಾದಲ್ಲಿ ಎರಡಕ್ಕೆ ನಿದ್ದೆ ಹೊಡೆದಿದ್ದೆ ಅನ್ನೋದು ಫೋಟೊದಲ್ಲಿ ಕಾಣುವುದಿಲ್ಲವಲ್ಲ.

ಪ್ರಶ್ನೆ ನೋಡಲು ಸಾಧು. ಉತ್ತರ ಕೊಡಲು ಹೊರಟಾಗ ಅದರ ಷರತ್ತುಗಳು ಒಂದೊಂದಾಗಿ ಹೊರಗೆ ಬರುತ್ತವೆ. ಅತ್ತಿಗೆಗೆ ಅಳಿಸುವ ಸಿನಿಮಾ ಬೇಡ. ‘ಅದಕ್ಕೆ ಆಫೀಸಿದೆ’ ಅನ್ನುತ್ತಾರೆ. ಅಣ್ಣನ ಮಗನಿಗೆ ಸಿನಿಮಾಗಳಿಗೆ ಅಂಕ ಕೊಡುವ ಐಎಂಡಿಬಿ ವೆಬ್‌ಸೈಟಿನಲ್ಲಿ ಹತ್ತಕ್ಕೆ ಎಂಟರ ಮೇಲೆ ಇರಬೇಕು. ಅವನು ಪಿಯುಸಿಯಲ್ಲಿ ತೆಗೆದದ್ದು ಶೇಕಡಾ 52. ಚಿಕ್ಕಪ್ಪನದು ಮಾತ್ರ ತತ್ವದ ಪ್ರಶ್ನೆ. ‘ಮನೆಮಂದಿಯೆಲ್ಲ ಕೂತು ನೋಡೋ ಹಾಗಿರ್ಲಪ್ಪ.’ ಇದರ ಅರ್ಥ ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು. ಹುಡುಗ ಹುಡುಗಿ ಹತ್ತಿರ ಬಂದರೆ ಚಿಕ್ಕಪ್ಪ ಕೆಮ್ಮುತ್ತಾರೆ, ರಿಮೋಟ್ ಹುಡುಕುತ್ತಾರೆ. ಅದೇ ಹುಡುಗ ಹನ್ನೊಂದು ಜನರನ್ನು ಕೊಚ್ಚಿ ಹಾಕಿದರೆ ಮೊಮ್ಮಗನಿಗೆ ಚಕ್ಕುಲಿ ಕೊಡುತ್ತಾ ನೆಮ್ಮದಿಯಾಗಿ ನೋಡುತ್ತಾರೆ. ಒಟ್ಟಿನಲ್ಲಿ ಫ್ಯಾಮಿಲಿ ಸಿನಿಮಾ ಅಂದರೆ ಮುತ್ತಿರಬಾರದು, ಮಚ್ಚಿರಬಹುದು.

ಇದರ ಮೇಲೆ ಈಗ ‘ಜಾನರ್’ ಬೇರೆ ಕೇಳುತ್ತಾರೆ. ನಾವು ಚಿಕ್ಕವರಿದ್ದಾಗ ಸಿನಿಮಾಗಳಲ್ಲಿ ಎರಡೇ ಜಾತಿ ಇದ್ದವು. ರಾಜ್‌ಕುಮಾರ್ ಇರೋದು, ರಾಜ್‌ಕುಮಾರ್ ಇಲ್ಲದ್ದು. ಒಂದೇ ಟಿಕೆಟ್‌ಗೆ ತಾಯಿಯ ಕಣ್ಣೀರು, ನರಸಿಂಹರಾಜು ತಮಾಷೆ, ವಜ್ರಮುನಿಯ ಅಬ್ಬರ, ಐದಾರು ಹಾಡು, ಕೊನೆಗೆ ಪೊಲೀಸರು. ಬಾಳೆಎಲೆ ಊಟದ ಹಾಗೆ. ಈಗ ಪಲ್ಯಕ್ಕೆ ಒಂದು ಆ್ಯಪ್, ಪಾಯಸಕ್ಕೆ ಇನ್ನೊಂದು ಆ್ಯಪ್. ಎರಡಕ್ಕೂ ಬೇರೆ ಬೇರೆ ಚಂದಾ. 1972ರಲ್ಲಿ ‘ಬಂಗಾರದ ಮನುಷ್ಯ’ ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಹೋಗಿ ಬೇಸಾಯಕ್ಕೆ ನಿಂತವರಿದ್ದರು ಅನ್ನುತ್ತಾರೆ. ನಾವು ಈಗ ಸಿನಿಮಾ ನೋಡಿ ಸೋಫಾ ಬಿಟ್ಟು ನೀರು ಕುಡಿಯಲೂ ಏಳುವುದಿಲ್ಲ.

ಇರಲಿ, ಕೇಳಿದ್ದಾರಲ್ಲ ಅಂತ ಜಾನರ್ ಪ್ರಕಾರವೇ ಹೇಳಲು ಶುರು ಮಾಡಿದೆ.

ಹಾರರ್ ಬೇಕು ಅಂದರು. 1979ರ ‘ನಾ ನಿನ್ನ ಬಿಡಲಾರೆ’ ಹೇಳಿದೆ. ಅನಂತ್ ನಾಗ್ ಮೈಮೇಲೆ ದೆವ್ವ ಬರುವ ಸಿನಿಮಾ. ಅಣ್ಣನ ಮಗ ಹತ್ತು ನಿಮಿಷ ನಕ್ಕ. ‘ಗ್ರಾಫಿಕ್ಸ್ ನೋಡಿ ಚಿಕ್ಕಪ್ಪಾ!’ ಅಂದ. ಅವನ ಅಮ್ಮ ನಗಲಿಲ್ಲ. ಆ ಸಿನಿಮಾ ನೋಡಿ ಬಂದ ಮೇಲೆ ಎಷ್ಟು ದಿನ ಅಜ್ಜಿಯ ಸೆರಗು ಹಿಡಿದು ಬಚ್ಚಲಿಗೆ ಹೋಗಿದ್ದರೋ ಏನೋ. ಅವತ್ತು ರಾತ್ರಿಯೂ ಹಾಲ್‌ನ ದೀಪ ಆರಲಿಲ್ಲ.

ಇನ್ನೂ ಭಯ ಬೇಕು ಅಂದಾಗ ‘ತಬರನ ಕಥೆ’ ಸೇರಿಸಿದೆ. ತೇಜಸ್ವಿಯವರ ಕತೆ, ಗಿರೀಶ ಕಾಸರವಳ್ಳಿ 1986ರಲ್ಲಿ ಮಾಡಿದ ಸಿನಿಮಾ. ನಿವೃತ್ತನಾದ ಸರ್ಕಾರಿ ಜವಾನನೊಬ್ಬ ಹೆಂಡತಿಯ ಕಾಲಿನ ಚಿಕಿತ್ಸೆಗೆ ದುಡ್ಡಿಲ್ಲದೆ, ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ‘ಇದು ಹಾರರ್ ಹೇಗಾಗುತ್ತೆ?’ ಅಂತ ಹುಡುಗರು ಜಗಳಕ್ಕೆ ಬಂದರು. ಕಳೆದ ವರ್ಷ ನಿವೃತ್ತರಾದ ಸೋದರಮಾವ ಮಾತ್ರ ಸಣ್ಣ ದನಿಯಲ್ಲಿ ವಾಯ್ಸ್ ಮೆಸೇಜ್ ಕಳಿಸಿದರು. ‘ನಾನು ರಾತ್ರಿ ಹೊತ್ತು ಅದನ್ನ ನೋಡಲ್ಲಪ್ಪ.’

ಕ್ರೈಂಗೆ ‘ತಿಥಿ’ ಹೇಳಿದೆ. ಜಮೀನು ಮಾರಲು ಬದುಕಿರುವ ಅಪ್ಪನ ಹೆಸರಿಗೆ ಮರಣ ಪ್ರಮಾಣಪತ್ರ ಮಾಡಿಸುವ ಮಗ ಅದರಲ್ಲಿದ್ದಾನೆ. ಮಂಡ್ಯದ ಕಡೆಯ ನೊದೆಕೊಪ್ಪಲಿನಲ್ಲಿ ಊರಿನವರನ್ನೇ ಹಾಕಿಕೊಂಡು ತೆಗೆದದ್ದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಮದ್ದೂರಿನ ಷಡ್ಡಕ ಪೂರ್ತಿ ನೋಡಿದರು. ಆಮೇಲೆ ಕೇಳಿದರು, ‘ಇದ್ರಲ್ಲಿ ಕ್ರೈಂ ಎಲ್ಲೈತೆ?’

ಲೊಕಾರ್ನೊ ಹೆಸರು ಎತ್ತಿದ್ದೇ ನನ್ನ ತಪ್ಪು. ನಮ್ಮ ಮನೆಗಳಲ್ಲಿ ‘ಅವಾರ್ಡ್ ಪಿಕ್ಚರ್’ ಅನ್ನೋದು ಹೆಚ್ಚುಕಡಿಮೆ ಬೈಗುಳ. ಆದರೆ ನವೆಂಬರ್ ಬಂತೋ, ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ಚಿಕ್ಕಪ್ಪನದೇ ಭಾಷಣ. ‘ಸಂಸ್ಕಾರ’ದಿಂದ ‘ದ್ವೀಪ’ದವರೆಗೆ ಕನ್ನಡಕ್ಕೆ ಆರು ಸ್ವರ್ಣಕಮಲ, ಅಂದರೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ, ಬಂದಿವೆ ಅಂತ ಬೆರಳು ಮಡಿಚಿ ಲೆಕ್ಕ ಕೊಡುತ್ತಾರೆ, ಚಪ್ಪಾಳೆ ಬೀಳುತ್ತದೆ. ಆರರಲ್ಲಿ ಎಷ್ಟು ನೋಡಿದ್ದೀರಿ ಅಂತ ಒಂದು ಸಲ ಕೇಳಿದೆ. ‘ಎಲ್ಲಾ ನೋಡ್ಲೇಬೇಕಾದ ಚಿತ್ರಗಳು’ ಅಂದರು. ಆ ಆರರಲ್ಲೊಂದಾದ 1977ರ ‘ಘಟಶ್ರಾದ್ಧ’ವನ್ನು ಯಾರೋ ಪುಣ್ಯಾತ್ಮರು ಸರಿಪಡಿಸಿ, ಹೊಸದರ ಹಾಗೆ ಮಾಡಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಸುದ್ದಿಯನ್ನು ನಮ್ಮ ಗುಂಪಿನಲ್ಲಿ ಏಳು ಜನ ಹಂಚಿಕೊಂಡರು. ಸಿನಿಮಾ ಮಾತ್ರ ಇಟಲಿಯವರೇ ನೋಡಿದರು.

ಇನ್ನೊಬ್ಬರಿದ್ದಾರೆ, ಪಕ್ಕದ ಮನೆಯವರು. ಅವರು ಮಲಯಾಳಂ ಬಿಟ್ಟರೆ ಕೊರಿಯನ್. ‘ಕನ್ನಡದವರು ಇನ್ನೂ ಕಲೀಬೇಕು ಸಾರ್’ ಅನ್ನೋದು ಅವರ ಗುಡ್ ಮಾರ್ನಿಂಗ್. ಕೊನೆಗೆ ನೋಡಿದ ಕನ್ನಡ ಸಿನಿಮಾ ಯಾವುದು ಅಂದೆ. ಸ್ವಲ್ಪ ಯೋಚಿಸಿ ‘ಆಪ್ತಮಿತ್ರ’ ಅಂದರು. ಅದು ಬಂದು 20 ವರ್ಷ ದಾಟಿತು. ಅದರ ಮೂಲ ಮಲಯಾಳಂ ಅಂತ ನಾನು ಹೇಳಬಾರದಿತ್ತು. ‘ನೋಡಿದ್ರಾ, ನಾನು ಹೇಳ್ಲಿಲ್ವಾ’ ಅಂತ ಇನ್ನೂ ಅರ್ಧ ಗಂಟೆ ನಿಲ್ಲಿಸಿಕೊಂಡರು.

ಇಷ್ಟೆಲ್ಲ ಚರ್ಚೆ ಆದ ಮೇಲೆ ಶನಿವಾರ ರಾತ್ರಿ ಆಗುವುದೇನು? ನಾನೇ ಕಣ್ಣಾರೆ ಕಂಡಿದ್ದೇನೆ. ಎಂಟು ಮುಕ್ಕಾಲಿಗೆ ಟೀವಿ ಹಚ್ಚುತ್ತಾರೆ. ಒಂಬತ್ತೂವರೆವರೆಗೆ ಪೋಸ್ಟರ್ ಸರಿಸುತ್ತಾರೆ. ಹತ್ತಕ್ಕೆ ಮೂರು ಟ್ರೈಲರ್ ಮುಗಿದಿರುತ್ತವೆ, ಸಾರು ಆರಿರುತ್ತದೆ. ಕೊನೆಗೆ ಯೂಟ್ಯೂಬ್‌ನಲ್ಲಿ ‘ಗಣೇಶನ ಮದುವೆ’ಯ ತುಣುಕು ಹಾಕಿ, ಬಾಯಿಪಾಠ ಬರುವ ಮಾತಿಗೆ ಮತ್ತೆ ನಕ್ಕು ಮಲಗುತ್ತಾರೆ. 1990ರ ಸಿನಿಮಾ. ಅದನ್ನು ಯಾರೂ ಯಾರಿಗೂ ರೆಕಮೆಂಡ್ ಮಾಡಿದ್ದನ್ನು ನಾನು ಕಂಡಿಲ್ಲ.

ಥಿಯೇಟರ್ ಮಾತು ಎತ್ತಿದರೆ ‘ಟಿಕೆಟ್ ರೇಟು ನೋಡಿದ್ದೀರಾ?’ ಅನ್ನುತ್ತಾರೆ. ಅದು ನಿಜವೇ. 200 ರೂಪಾಯಿ ದಾಟಬಾರದು ಅಂತ 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಆದರೂ ಆ ಆದೇಶ ಎಷ್ಟೋ ಕನ್ನಡ ಸಿನಿಮಾಗಿಂತ ಜಾಸ್ತಿ ದಿನ ಓಡಿತು.

ಮೊನ್ನೆ ನಮ್ಮ ಬಳಗದ ಹುಡುಗನೇ ಒಬ್ಬ ಕೆಲಸ ಮಾಡಿದ ಸಿನಿಮಾ ಬಂತು. ಎಡಿಟಿಂಗ್‌ನಲ್ಲಿ ಸಹಾಯಕ, ಹೆಸರು ಕೊನೆಯಲ್ಲಿ ಬರುತ್ತದೆ. ಗುಂಪಿನಲ್ಲಿ ಹೂವಿನ ಮಳೆ. ‘ಕನ್ನಡ ಸಿನಿಮಾ ಉಳಿಸಿ’ ಅಂತ ಚಿಕ್ಕಪ್ಪ ದಪ್ಪ ಅಕ್ಷರದಲ್ಲಿ ಹಾಕಿದರು. ಅತ್ತಿಗೆ ಮಾತ್ರ ನನಗೊಬ್ಬನಿಗೇ ಬೇರೆಯಾಗಿ ಕೇಳಿದರು, ‘ಓಟಿಟಿಗೆ ಯಾವಾಗಂತೆ?’

ಸೋಮವಾರ ನಾನು ಹೋದೆ. ಶುಕ್ರವಾರ ನಾನೂ ಹೋಗಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ದಿನಕ್ಕೆ ಒಂದೇ ಆಟ, ಬೆಳಗ್ಗೆ ಹತ್ತೂಕಾಲಿಗೆ. ಕೌಂಟರಿನವನು ತಲೆ ಎತ್ತದೆ ಹೇಳಿದ, ‘ಐದು ಜನ ಆದ್ರೆ ಹಾಕ್ತೀವಿ ಸಾರ್. ಈಗ ನಾಲ್ಕು ಆಗಿದೀರ.’ ಉಳಿದ ಮೂವರಲ್ಲಿ ಒಬ್ಬರು ಮಳೆಗೆ ಒಳಗೆ ಬಂದವರು.

ಗುಂಪಿಗೆ ಮೆಸೇಜ್ ಹಾಕಿದೆ. ‘ಅರ್ಜೆಂಟು. ಒಬ್ಬರು ಬೇಕು. ಟಿಕೆಟ್ ನಂದೇ.’

ಎರಡು ನಿಮಿಷದಲ್ಲಿ ಹನ್ನೊಂದು ಹೆಬ್ಬೆಟ್ಟು ಬಂದವು. ಹನ್ನೆರಡನೆಯದು ಚಿಕ್ಕಪ್ಪನ ಮೆಸೇಜ್.

‘ಹೇಗಿದೆ ಅಂತ ನೋಡಿ ಹೇಳಪ್ಪ.’