ಬೈಲಕುಪ್ಪೆಗೆ ಬರುವ ನಾಯಕರು

ವಲಸೆ ಟಿಬೆಟನ್ ಆಡಳಿತದ ಕೇಂದ್ರವಾದ ಹಿಮಾಚಲ ಪ್ರದೇಶದ ಧರ್ಮಶಾಲೆಯಿಂದ ಬರುವ ನಾಯಕರನ್ನು ಬೈಲಕುಪ್ಪೆಯ ಟಿಬೆಟನ್ನರು ಬರಮಾಡಿಕೊಳ್ಳುವ ಬಗೆಯನ್ನು ನಾನು ಓದಿದ ಲೇಖನವೊಂದು ಬಿಳಿಯ ಖತಾ (ಗೌರವ ಸೂಚಿಸಿ ಅರ್ಪಿಸುವ ಶಲ್ಯ), ಧೂಪ, ವಾದ್ಯಗಳ ಸಡಗರವಾಗಿಯೇ ವರ್ಣಿಸಿದೆ. ನನಗೆ ಅಷ್ಟು ಸಾಲದೆನಿಸಿತು. ಅಂದಿನ ಮೈಸೂರು ಸರ್ಕಾರ ನೀಡಿದ ಸುಮಾರು 3,000 ಎಕರೆ ಕಾಡುಭೂಮಿಯನ್ನು 1960ರ ದಶಕದ ಆರಂಭದಲ್ಲಿ ಹಸನು ಮಾಡಿ ಮುಸುಕಿನ ಜೋಳ ಬೆಳೆದವರ ಮಕ್ಕಳು ಮೊಮ್ಮಕ್ಕಳಿಗೆ, ತಾವೇ ಕಾಣದ ತಾಯ್ನಾಡಿನೊಂದಿಗೆ ಉಳಿದಿರುವ ಕೊಂಡಿ ಆ ನಾಯಕರು.

2025ರ ಜನವರಿ ಆರಂಭದಲ್ಲಿ ದಲೈ ಲಾಮಾ ಇಲ್ಲಿನ ತಾಶಿ ಲುನ್‌ಪೊ ಮಠಕ್ಕೆ ಬಂದಿಳಿದ ಎರಡೇ ದಿನಗಳಲ್ಲಿ ಟಿಬೆಟ್‌ನ ಡಿಂಗ್ರಿಯಲ್ಲಿ ಭೂಕಂಪವಾಗಿ, ಚೀನಾದ ಅಧಿಕೃತ ಲೆಕ್ಕದಂತೆಯೇ 126 ಜನ ತೀರಿಕೊಂಡರು. ಡಿಂಗ್ರಿ ಇರುವುದು, ಈ ಮಠದ ಮೂಲಪೀಠವಿರುವ ಶಿಗಾಟ್ಸೆ ಸೀಮೆಯಲ್ಲಿಯೇ. ಸಾವಿರಕ್ಕೂ ಹೆಚ್ಚು ಮೈಲಿ ದೂರದಲ್ಲಿ, ಸತ್ತವರ ಮನೆಬಾಗಿಲಿಗೆ ಹೋಗಲಾಗದ ಜನರು ತಮ್ಮ ಗುರುಗಳೊಡನೆ ಕುಳಿತು ಪ್ರಾರ್ಥಿಸಿದ್ದನ್ನು ನೆನೆದರೆ ಇಂದಿಗೂ ಮನಸ್ಸು ಭಾರವಾಗುತ್ತದೆ.

ಲೇಖನದಲ್ಲಿ ಬಿಟ್ಟುಹೋದ ಇನ್ನೊಂದು ಸಂಗತಿಯಿದೆ. 2011ರಲ್ಲಿ ದಲೈ ಲಾಮಾ ರಾಜಕೀಯ ಅಧಿಕಾರವನ್ನು ಚುನಾಯಿತರಿಗೆ ಒಪ್ಪಿಸಿದ ಮೇಲೆ, ಶಿಬಿರಗಳಿಗೆ ಬರುವ ಸಿಕ್ಯೋಂಗ್ (ವಲಸೆ ಟಿಬೆಟನ್ ಆಡಳಿತದ ಮುಖ್ಯಸ್ಥರು) ಆಗಲಿ, ಆ ಆಡಳಿತದ ಸಂಸತ್ ಸದಸ್ಯರಾಗಲಿ ಜನರ ಮತದಿಂದ ಬಂದವರು. ಶಾಲೆ, ಆಸ್ಪತ್ರೆ, ವಿದೇಶಕ್ಕೆ ವಲಸೆ ಹೋಗುತ್ತಿರುವ ಯುವಕರು, ಹೀಗೆ ಎಲ್ಲದರ ಬಗ್ಗೆಯೂ ಅವರು ಉತ್ತರಿಸಬೇಕಾದವರು. 2021ರಲ್ಲಿ ಸಿಕ್ಯೋಂಗ್ ಆದ ಪೆನ್ಪಾ ತ್ಸೆರಿಂಗ್ ಬೈಲಕುಪ್ಪೆಯಲ್ಲಿಯೇ ಹುಟ್ಟಿದವರು. ನೆರೆಯವರಾದ ನಾವು ಈ ಮಾತನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳಬಹುದು.